ಎಸರು ತಣ್ಣಗಿರಲಿ

ಗ್ರಿಮ್ಸ್‌ಬಿಯಲ್ಲಿ ಗಾಳಿಗೂ ಒಂದು ನಾಲಿಗೆ ಇದೆ.
ಬಂದರಿನ ಕಡೆಯಿಂದ ಬರುತ್ತದೆ,
ಮೀನು ಮುಟ್ಟಿದ ಕೈಯಲ್ಲೇ ಕಿಟಕಿ ಮುಟ್ಟುತ್ತದೆ,
ಉಪ್ಪಿನ ಭರಣಿ ನೆಕ್ಕುತ್ತದೆ,
ಗ್ಯಾರೇಜಿನ ಮೇಲ್ಹಲಗೆ ಹತ್ತಿ
ಕಾಸ್ಟಿಕ್ ಸೋಡಾದ ಡಬ್ಬಿಯ ಮುಚ್ಚಳ
ಸಡಿಲವಿದೆಯೇ ಎಂದು ನೋಡುತ್ತದೆ.

ಮೊನ್ನೆ ಸಡಿಲವಿತ್ತು.
ತಪ್ಪು ನನ್ನದೇ. ಫೋನು ಬಂತೆಂದು
ಅರ್ಧ ಸುತ್ತು ತಿರುಗಿಸಿ ಬಿಟ್ಟಿದ್ದೆ.
ಹತ್ತು ದಿನಕ್ಕೆ ಬಿಳಿ ಹರಳೆಲ್ಲ ಬೆವತು
ಒಂದನ್ನೊಂದು ತಬ್ಬಿ ಕಲ್ಲಾಗಿ ಕೂತಿದ್ದವು.
ತೂಗಿದೆ. ಬರೆದಿಟ್ಟದ್ದಕ್ಕಿಂತ ನಲವತ್ತು ಗ್ರಾಂ ಹೆಚ್ಚು.
ಇದರಲ್ಲಿ ಸೋಡಾ ಎಷ್ಟು, ಸಮುದ್ರ ಎಷ್ಟು?

ಪಕ್ಕದ ಮನೆಯ ಬೆರಿಲಮ್ಮ ಕನ್ನಡಕ ಏರಿಸಿ ನೋಡಿದರು.
ನಲವತ್ತು ವರ್ಷ ಕಾರ್ಖಾನೆಯಲ್ಲಿ ಮೀನಿನ ಹೊಟ್ಟೆ ಸೀಳಿದವರು,
ಮಾತನ್ನೂ ಹಾಗೇ ಸೀಳುತ್ತಾರೆ:
“ಲೆಕ್ಕ ತಪ್ಪಿದ ಸೋಡಾದಲ್ಲಿ ಸೋಪಿಲ್ಲ.
ಚರಂಡಿ ಕಟ್ಟಿದೆಯಲ್ಲ, ಅದಕ್ಕಿಡು.”

ಅವರು ಇಂಗ್ಲಿಷಿನಲ್ಲಿ ಹೇಳಿದ ಮೊದಲ ಪಾಠ
ನನಗೆ ನೆನಪಿರುವುದು ಅನ್ನದ ಭಾಷೆಯಲ್ಲಿ:
ಎಸರಿಗೆ ಅಕ್ಕಿ ಬೀಳಬೇಕು,
ಅಕ್ಕಿಯ ಮೇಲೆ ಎಸರು ಸುರಿಯಬಾರದು.
ಈ ಎಸರು ಮಾತ್ರ ತಣ್ಣಗಿರಲಿ;
ಕುದಿಯುವುದು ಇಲ್ಲಿ ಅಕ್ಕಿಯ ಕೆಲಸ.
ಒಲೆಯಿಲ್ಲ, ಉರಿಯಿಲ್ಲ,
ಚಮಚ ಚಮಚವಾಗಿ ಉದುರಿಸಿ ತಿರುವುತ್ತಿದ್ದರೆ
ಜಗ್ಗಿನ ಹೊಟ್ಟೆ ತಾನೇ ಕಾಯುತ್ತದೆ.
ಗಂಟಲು ಹಿಡಿಯುವ ಹಬೆ. ಮುಖ ಆಚೆಗೆ.
ಬಾಗಿಲು ತೆರೆದೇ ಇರಲಿ, ಚಳಿ ಬಂದರೆ ಬರಲಿ.
ಹನಿ ಸಿಡಿದರೆ ವಿನಿಗರ್ ಹುಡುಕುತ್ತ ನಿಲ್ಲಬೇಡ,
ನಲ್ಲಿಯ ಕೆಳಗೆ ಕೈ ಇಡು,
ಸಾಕು ಅನ್ನಿಸಿದ ಮೇಲೂ ಇಟ್ಟಿರು.

ಅಲ್ಯೂಮಿನಿಯಂ ಬೇಡ ಅಂದದ್ದು
ನನ್ನ ಕಿವಿಗೆ ಬಿದ್ದಿರಲಿಲ್ಲ.
ಊರಿಂದ ತಂದ ಪಾತ್ರೆ, ಎಷ್ಟೋ ಯುಗಾದಿಯ ಪಾಯಸ ಕಂಡದ್ದು,
ಬುಸ್ಸೆಂದು ಹೆಡೆಯೆತ್ತಿ ಕಪ್ಪಗಾಯಿತು.
ತಳದಲ್ಲಿ ಸೂಜಿಮೊನೆಯಷ್ಟು ತೂತು.
ತೊಳೆದು ತೊಳೆದು ಈಗ ಅದರಲ್ಲಿ ಗುಲಾಬಿ ನೆಟ್ಟಿದ್ದೇನೆ;
ನೀರು ಚೆನ್ನಾಗಿ ಇಳಿಯುತ್ತದೆ.

ಸವುಳು.
ಈ ಪದ ನಾಲಿಗೆಗೆ ಮರಳಲು
ಇಷ್ಟು ದೂರ ಬರಬೇಕಿತ್ತೇನೋ.
ಊರ ಬಟ್ಟೆ ಒಗೆಯುತ್ತಿದ್ದ ನಮ್ಮಜ್ಜಿ ಹೊನ್ನೂರವ್ವ
ಹಳ್ಳದ ದಂಡೆಯ ಸವುಳುಮಣ್ಣನ್ನು ಚಿಟಿಕೆ ಎತ್ತಿ
ನಾಲಿಗೆ ತುದಿಗೆ ಮುಟ್ಟಿಸಿ ಉಗಿದು
“ಇದಕ್ಕೆ ಜೀವ ಐತೆ” ಅನ್ನುವಳು,
ಅಥವಾ ಏನೂ ಅನ್ನದೆ ಮುಂದೆ ನಡೆಯುವಳು.
ಮದುವೆ ಸೀರೆ, ಬಾಣಂತಿ ಬಟ್ಟೆ, ಗೌಡರ ಪಂಚೆ,
ಎಲ್ಲಕ್ಕೂ ಒಂದೇ ಉಬ್ಬೆ, ರಾತ್ರಿಯಿಡೀ ಒಂದೇ ಹಬೆ.
ಬೆರಳ ಸಂದಿಯಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ.
ಒಮ್ಮೆ ಶಾಲೆಗೆ ನನ್ನನ್ನು ಕರೆದೊಯ್ಯಲು ಬಂದಾಗ
ಸೆರಗಿನೊಳಗೆ ಕೈ ಮುಚ್ಚಿಕೋ ಅಂದೆ.
ಮುಚ್ಚಿಕೊಂಡಳು.

ಆರು ವಾರ ಒಣಗಿದ ನನ್ನ ಮೊದಲ ಸೋಪಿಗೆ
ಬೆರಿಲಮ್ಮ ಒದ್ದೆ ಬೆರಳು ತಿಕ್ಕಿ
ಆ ಬೆರಳನ್ನು ನಾಲಿಗೆಗಿಟ್ಟರು.
ಕಣ್ಣು ಮುಚ್ಚಿ ಕಾದರು.
ಚುರ್ರೆನ್ನಲಿಲ್ಲ. “ಆಯ್ತು, ಮೈಗೆ ಹಚ್ಚಬಹುದು.”
ನಾನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಸಿದು ಕೂತೆ.
ಏನಾಯಿತೆಂದು ಅವರು ಕೇಳಿದರು.
ಏನಿಲ್ಲ, ಬೆನ್ನು ಅಂದೆ.

ಈಗ ಹೊಸ ಡಬ್ಬಿ. ದಪ್ಪ ಪ್ಲಾಸ್ಟಿಕ್ಕಿನದು,
ಒತ್ತಿ ತಿರುಗಿಸದೆ ಬಿಚ್ಚದ ಮುಚ್ಚಳ.
ಅಡುಗೆಮನೆಯಲ್ಲಲ್ಲ, ಸಕ್ಕರೆಯ ನೆರೆಯಲ್ಲಂತೂ ಅಲ್ಲ;
ಬಿಳಿಯದ್ದೆಲ್ಲ ಒಂದೇ ಥರ ಕಾಣುವ ಮನೆ ಇದು.
ಬೀಗದ ಕಪಾಟು. ಬೀಗದ ಕೈ ನನ್ನ ಕೊರಳಲ್ಲಿ.

ಚೀಟಿಯ ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆದೆ.
“ಈ ಬೀದಿಯಲ್ಲಿ ಇದನ್ನು ಓದುವವರು ಯಾರಮ್ಮ?”
ಒಂಬತ್ತರ ಚಂಪಕ ಕೇಳಿದಳು, ಸರಿಯಾಗಿಯೇ.
ಬೆರಿಲಮ್ಮ ಕೆಳಗೆ ಇಂಗ್ಲಿಷಿನಲ್ಲಿ ಬರೆದರು.
ಚಂಪಕ ಅದಕ್ಕೂ ಕೆಳಗೆ
ಓದು ಬಾರದವರಿಗೆಂದು ತಲೆಬುರುಡೆ ಬಿಡಿಸಿದಳು,
ಎರಡು ಮೂಳೆಗಳನ್ನು ಅಡ್ಡಡ್ಡ ಇಟ್ಟಳು,
ಸ್ವಲ್ಪ ಯೋಚಿಸಿ
ಮೂಳೆಗಳ ತುದಿಗೆ
ಹಳದಿ ಬಣ್ಣದ ಗ್ಲೌಸು ತೊಡಿಸಿದಳು.